ಬಾಡಿಗೆಯವರ ಅಡ್ವಾನ್ಸು ಯಾರ ದುಡ್ಡು?

ಹೋದ ತಿಂಗಳು ಲೀಡ್ಸ್‌ನ ಬಾಡಿಗೆ ಮನೆ ಖಾಲಿ ಮಾಡಿದೆವು. ಬೀಗದ ಕೈ ಕೊಟ್ಟ ಒಂಬತ್ತನೇ ದಿನಕ್ಕೆ ಡಿಪಾಸಿಟ್ ಅಕೌಂಟಿಗೆ ಬಂತು. 1,269 ಪೌಂಡ್, ಒಂದು ಪೆನ್ನಿಯೂ ಕಡಿಮೆ ಇಲ್ಲ. ಹಾಲ್ ಗೋಡೆ ಮೇಲೆ ಮಗಳು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಎಷ್ಟು ಉಜ್ಜಿದರೂ ಹೋಗಿರಲಿಲ್ಲ, ನೂರು ಪೌಂಡಾದರೂ ಹಿಡ್ಕೋತಾರೆ ಅಂದುಕೊಂಡಿದ್ದೆ. ಮನೆ ನೋಡಲು ಬಂದ ಹುಡುಗಿ, ನಾವು ಬಂದ ದಿನ ತೆಗೆದಿದ್ದ ಫೋಟೊಗಳನ್ನು ಇಟ್ಟುಕೊಂಡು ಗೋಡೆ, ಕಾರ್ಪೆಟ್, ಓವನ್ನಿನ ಒಳಗೆ ಎಲ್ಲ ಹೋಲಿಸಿ ನೋಡಿದಳು. ಗೀಚಿದ ಕಡೆ ಬೆರಳಿಟ್ಟು, ಮೂರು ವರ್ಷ ಜನ ಬಾಳಿದ ಮನೆಯಲ್ಲಿ ಇಷ್ಟು ಸವೆತ ಸಹಜ ಅಂದು ಬರೆದುಕೊಂಡು ಹೋದಳು.

ಇಂಗ್ಲೆಂಡಿನಲ್ಲಿ 2019ರ ಕಾಯ್ದೆ ಬಂದಮೇಲೆ ಮಾಮೂಲಿ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವ ಹಾಗಿಲ್ಲ. ಅದನ್ನೂ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ನೋಂದಾಯಿಸಬೇಕು. ತಪ್ಪಿದರೆ ಕೋರ್ಟು ಓನರ್ ಕೈಯಿಂದ ಡಿಪಾಸಿಟ್ಟಿನ ಮೂರು ಪಟ್ಟಿನವರೆಗೆ ಕೊಡಿಸಬಹುದು. ದುಡ್ಡು ಮುರಿದುಕೊಳ್ಳಬೇಕಾದರೆ ಕಾರಣ ತೋರಿಸಬೇಕಾದವನು ಓನರ್.

ವಿಜಯನಗರದ ನಮ್ಮ ಮನೆಯ ಮೇಲಿನ ಮಹಡಿ ನಾನು ಸಾಲ ಮಾಡಿ ಕಟ್ಟಿಸಿದ್ದು. ನೋಡಿಕೊಳ್ಳುವವರು ಅಪ್ಪ. ಬಾಡಿಗೆ 25 ಸಾವಿರ, ಅಡ್ವಾನ್ಸು ಹತ್ತು ತಿಂಗಳದ್ದು. ಆ ಎರಡೂವರೆ ಲಕ್ಷ ಬಂದ ವಾರವೇ ಬೋರ್‌ವೆಲ್ಲಿಗೆ ಹೋಯಿತು. ಹೋದ ವರ್ಷ ಅಲ್ಲಿದ್ದವರು ಖಾಲಿ ಮಾಡಿದಾಗ, ಹೊಸಬರು ಬಂದು ಅಡ್ವಾನ್ಸು ಕೊಡುವ ತನಕ ಎರಡು ತಿಂಗಳು ಕಾಯಿಸಿದೆವು. ಮೇಲೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡೆವು. ಗೋಡೆ ಹೇಗಿದೆ ಅಂತ ಯಾರೂ ನೋಡಲಿಲ್ಲ. "ಸಾರ್, ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು, ಸ್ವಲ್ಪ ಬೇಗ ನೋಡಿ" ಅಂತ ಆತ ನನಗೆ ಮೂರು ಸಲ ಫೋನ್ ಮಾಡಿದ್ದ. ಲೀಡ್ಸ್ ದುಡ್ಡು ಬಂದ ದಿನ ಅವನ ದನಿ ಮತ್ತೆ ಕಿವಿಗೆ ಬಿತ್ತು.

ಇದು ತಪ್ಪು. ಮಾಮೂಲಿ ಅನ್ನುವ ಒಂದೇ ಮಾತಿನ ಮೇಲೆ ನಡೀತಿರೋ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗರು ಬಡ್ಡಿಗೆ ಸಾಲ ತಂದು ಅಡ್ವಾನ್ಸು ಕಟ್ಟುತ್ತಾರೆ, ನಮಗೆ ಅದು ಬಡ್ಡಿಯಿಲ್ಲದ ಸಾಲ. ಪೇಂಟಿಂಗಂತೂ ಓನರ್ ಖರ್ಚೇ ಅಲ್ವಾ? ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30 ಭಾಗಕ್ಕೆ, ಬಿಲ್ಲು ಕೇಳದೆ, ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಸಿಗುತ್ತೆ. ಆಮೇಲೂ ಬಾಡಿಗೆಯವರ ಜೇಬಿಗೆ ಯಾಕೆ ಕೈ ಹಾಕಬೇಕು?

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲೂ ವಾಸದ ಮನೆಗೆ ಎರಡೇ ತಿಂಗಳು ಅಂತಿದೆ ಅಂದೆ. "ಹಿಂದಿನ ರಸ್ತೆಯವರಿಗೆ ಬಾಡಿಗೆಯವನು ಎಂಟು ತಿಂಗಳು ಕೊಡಲಿಲ್ಲ, ಕೇಸು ಇನ್ನೂ ನಡೀತಿದೆ. ನಮಗೂ ಹಾಗಾದರೆ ನೀನು ಅಲ್ಲಿಂದ ಬಂದು ಬಿಡಿಸ್ತೀಯೇನಪ್ಪಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದೂ ಹೇಳಲೇಬೇಕು. ಲೀಡ್ಸ್‌ನಲ್ಲಿ ಮೂರು ವರ್ಷ ಓನರ್ ಮುಖ ನೋಡಿಲ್ಲ. ಜನವರಿಯಲ್ಲಿ ಬಾಯ್ಲರ್ ಕೆಟ್ಟು, ದೂರು ಕೊಟ್ಟು, ನಾಲ್ಕು ದಿನ ಚಳಿಯಲ್ಲಿ ಕೂತೆವು. ವಿಜಯನಗರದಲ್ಲಿ ನಲ್ಲಿ ಕಿತ್ತುಹೋದರೆ ಅಪ್ಪ ಸಂಜೆಯೊಳಗೆ ಪ್ಲಂಬರನ್ನು ಕರ್ಕೊಂಡು ಬರ್ತಾರೆ. ಮೇಲಿನ ಮನೆಯ ಬಾಣಂತಿಗೆ ಅಮ್ಮ ಎಷ್ಟು ದಿನ ಮೆಣಸಿನ ಸಾರು ಕೊಟ್ಟು ಬಂದರೋ.

ಮುಂದಿನವರಿಗೆ ನಾಲ್ಕು ತಿಂಗಳದ್ದು ಸಾಕು ಅಂತ ಅಪ್ಪ ಒಪ್ಪಿದ್ದಾರೆ. ಹಳಬರಿಂದ ಮುರಿದುಕೊಂಡ 25 ಸಾವಿರ ನಾನು ವಾಪಸ್ ಹಾಕ್ತೇನೆ ಅಂದಾಗ ಮಾತ್ರ ಏನೂ ಮಾತಾಡಲಿಲ್ಲ, ಫೋನ್ ಇಟ್ಟುಬಿಟ್ಟರು. ಅರ್ಧ ಗಂಟೆ ಬಿಟ್ಟು ವಾಟ್ಸಾಪಿನಲ್ಲಿ ಆ ಹಳಬರ ಅಕೌಂಟ್ ನಂಬರ್ ಬಂತು.