ಎರೆ ಹೊಲದ ವೀಕ್ಷಣಾಲಯ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ ಎಂಬ ಸಂಗತಿಯನ್ನು ನಾನು ಓದದೇ ಇದ್ದಿದ್ದರೆ, ನನ್ನ ಭವಿಷ್ಯನಿಧಿಯ ಮೇಲಿನ ಸಾಲ ಹುಟ್ಟುತ್ತಲೇ ಇರಲಿಲ್ಲ. ಅಷ್ಟು ದೂರದ ಹಿಮದ ಮರುಭೂಮಿಯನ್ನು ಹೊಸಕೋಟೆಯಿಂದ ಆಳಬಹುದಾದರೆ, ಬಳ್ಳಾರಿಯ ಬಾಡಿಗೆ ಮನೆಯಿಂದ ಯಲಬುರ್ಗಾ ತಾಲ್ಲೂಕಿನ ನಮ್ಮ ನಾಲ್ಕೆಕರೆ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಒಂದು ಎಂಟಿಂಚಿನ ದೂರದರ್ಶಕವನ್ನು ಆಳುವುದು ಏನು ಮಹಾ ಎಂದು, ಗಣಿತದ ಉಪನ್ಯಾಸಕನಾದ ನಾನು ತ್ರೈರಾಶಿ ಹಾಕಿದೆ. ಆ ತ್ರೈರಾಶಿಯಲ್ಲಿ ಎರೆ ಮಣ್ಣು, ಕುಂಬಾರ ಹುಳು, ಬೇವಿನ ಮರ ಮತ್ತು ನಮ್ಮ ಕಾಕಾ ಸೇರಿರಲಿಲ್ಲ.

ಬಳ್ಳಾರಿಯಿಂದಲೇ ನೋಡಬಾರದಿತ್ತೇ ಎಂದು ಕೇಳುವವರು ನಮ್ಮ ತಾರಸಿಗೆ ಒಮ್ಮೆ ಬರಬೇಕು. ಪಶ್ಚಿಮಕ್ಕೆ ಕಾರ್ಖಾನೆಗಳ ದಿಕ್ಕಿನ ಆಕಾಶ ರಾತ್ರಿಯಿಡೀ ಕುಂಬಾರನ ಆವಿಗೆಯಂತೆ ಕೆಂಪಗಿರುತ್ತದೆ. ಉಳಿದ ಮೂರು ದಿಕ್ಕುಗಳನ್ನು ಬೀದಿ ದೀಪಗಳು ಹಂಚಿಕೊಂಡಿವೆ. ಊರಿನ ಹೊಲದಲ್ಲಾದರೋ ಆಕಾಶಗಂಗೆ ಈಗಲೂ ಬರಿಗಣ್ಣಿಗೆ ಕಾಣುತ್ತದೆ. ಹೊಲವನ್ನು ನೋಡಿಕೊಳ್ಳುವವರು ನಮ್ಮ ತಂದೆಯ ತಮ್ಮ, ಅಂದರೆ ಕಾಕಾ. ಅವರಿಗೆ ನಾನು ಐವತ್ತು ದಾಟಿದರೂ ‘ತಮ್ಮಾ’.

ಮೊದಲ ಕೆಲಸವೆಂದರೆ ದೂರದರ್ಶಕವನ್ನು ಹೊರುವ ಕಂಬ. ಅದು ಕದಲಬಾರದು, ಶೆಡ್ಡಿನ ನೆಲಕ್ಕೆ ತಾಗಬಾರದು, ನೆಲದ ಮೇಲೆ ನಡೆದವರ ಹೆಜ್ಜೆ ಅದಕ್ಕೆ ಗೊತ್ತಾಗಬಾರದು. ನಾನು ವಿದೇಶದ ಯಾರದೋ ವಿಡಿಯೊ ನೋಡಿ ಮೂರಡಿ ತಗ್ಗು ಸಾಕೆಂದು ನಿರ್ಧರಿಸಿ ಕಾಂಕ್ರೀಟ್ ಸುರಿಸಲು ನಿಂತಾಗ, ಕಾಕಾ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, “ಎರಿ ಹೊಲ ಐತಿ ತಮ್ಮಾ. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ. ಗರಸು ಹತ್ತೂತನಕ ತೋಡು” ಎಂದರು. ಗರಸೆಂದರೆ ಎರೆಯ ಕೆಳಗಿನ ಗಟ್ಟಿ ಪದರ. ನಾನು ವಿಡಿಯೊವನ್ನು ಅವರಿಗೂ ತೋರಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ನೋಡಿ, “ಆ ಮಣ್ಣು ಕೆಂಪೈತಲ್ಲ” ಎಂದಷ್ಟೇ ಹೇಳಿದರು.

ಒಂದು ಮಳೆಗಾಲ ಮುಗಿಯುವುದರೊಳಗೆ ಕಂಬ ಸುಮಾರು ಒಂದು ಡಿಗ್ರಿ ವಾಲಿತು. ಒಂದು ಡಿಗ್ರಿ ಎಂದರೆ ಕಣ್ಣಿಗೆ ಕಾಣದಷ್ಟು. ಗುಡಿಸಲಿಗೂ ಗುಡಿಗೂ ಅದರಿಂದ ಏನೂ ಆಗುವುದಿಲ್ಲ. ಆದರೆ ನನ್ನ ದೂರದರ್ಶಕದ ನಾಭಿದೂರ 1000 ಮಿ.ಮೀ.; ಕ್ಯಾಮೆರಾದ ಒಂದು ಪಿಕ್ಸೆಲ್ 3.76 ಮೈಕ್ರಾನ್, ಅಂದರೆ ಒಂದೊಂದು ಪಿಕ್ಸೆಲ್ ಆಕಾಶದ 0.78 ಆರ್ಕ್ ಸೆಕೆಂಡಿನಷ್ಟನ್ನು ಮಾತ್ರ ನೋಡುತ್ತದೆ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್). ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಬೇಕಾದ, ದೂರದರ್ಶಕವನ್ನು ತಿರುಗಿಸುವ ಯಂತ್ರದ ಅಕ್ಷ ಒಂದು ಡಿಗ್ರಿ ತಪ್ಪಿದರೆ, ಒಂದೇ ನಿಮಿಷದಲ್ಲಿ ನಕ್ಷತ್ರ ಸುಮಾರು 16 ಆರ್ಕ್ ಸೆಕೆಂಡುಗಳವರೆಗೂ ಜಾರಿ, ಚುಕ್ಕೆಯಾಗಬೇಕಾದದ್ದು 20 ಪಿಕ್ಸೆಲ್ ಉದ್ದದ ಶ್ಯಾವಿಗೆ ಎಳೆಯಾಗುತ್ತದೆ. ಆ ವರ್ಷ ನಾನು ತೆಗೆದ ದೇವಯಾನಿ ಗೆಲಾಕ್ಸಿಯ ಚಿತ್ರದಲ್ಲಿ, 25 ಲಕ್ಷ ಜ್ಯೋತಿರ್ವರ್ಷಗಳ ದೂರವನ್ನು ನೇರವಾಗಿ ಬಂದ ಬೆಳಕು ಕೊನೆಯ ಮೂರಡಿ ಎರೆ ಮಣ್ಣಿನ ದೆಸೆಯಿಂದ ಸೊಟ್ಟಗಾಗಿದೆ. ಎರಡನೆಯ ಸಲ ಏಳಡಿ ತೋಡಿಸಿದೆವು. ಗರಸು ಹತ್ತಿದಾಗ ಕಾಕಾ ಏನೂ ಹೇಳಲಿಲ್ಲ; ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತಿದ್ದರು. ಹೇಳಿದ್ದರೇ ಚೆನ್ನಾಗಿತ್ತು.

ಅಕ್ಷದ ಮಾತು ಬಂದಿದ್ದರಿಂದ ಧ್ರುವ ನಕ್ಷತ್ರದ ಗೋಳನ್ನೂ ಹೇಳಿಬಿಡುತ್ತೇನೆ. ಧ್ರುವ ನಕ್ಷತ್ರವು ನಾವಿರುವ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ. ಯುರೋಪಿನವರಿಗೆ ಅದು ಅರ್ಧ ಆಕಾಶ ಏರಿ ನಿಂತಿದ್ದರೆ, ಯಲಬುರ್ಗಾದವರಿಗೆ 15 ಡಿಗ್ರಿ ಚಿಲ್ಲರೆ ಎತ್ತರದಲ್ಲಿ, ಉತ್ತರದ ಬದುವಿನ ಬೇವಿನ ಮರದ ಕೊಂಬೆಗಳ ಸಂದಿಯಲ್ಲಿ ಇರುತ್ತದೆ. ಇರುತ್ತದೆ ಎಂದು ನಂಬಬೇಕು. ಎರಡು ಕೊಂಬೆಗಳನ್ನಾದರೂ ತೆಗೆಸೋಣವೆಂದಾಗ ಕಾಕಾ ನನ್ನನ್ನು ನೋಡಿದ ಬಗೆ ಹೇಗಿತ್ತೆಂದರೆ, ನಾನು ಅಲ್ಲಿಯೇ ಮಾತು ಬದಲಿಸಿ ಜೋಳದ ಧಾರಣೆ ಕೇಳಿದೆ. ಯಂತ್ರವನ್ನು ರೂಪಿಸಿದವರಿಗೂ ನಮ್ಮ ಅಕ್ಷಾಂಶದ ಕಲ್ಪನೆ ಇದ್ದಂತಿರಲಿಲ್ಲ. ಅಕ್ಷವನ್ನು ಅಷ್ಟು ಕೆಳಗೆ ಬಗ್ಗಿಸಿದಾಗ ಸಮತೂಕದ ಗುಂಡುಗಳನ್ನು ಹೊತ್ತ ಸರಳು ನೇರವಾಗಿ ಕಂಬಕ್ಕೇ ಬಡಿಯುತ್ತಿತ್ತು. ಕೊನೆಗೆ ಕುಕನೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ, ಟ್ರ್ಯಾಕ್ಟರಿನ ಕುಂಟೆಗೆ ಬೆಸುಗೆ ಹಾಕುತ್ತಿದ್ದವರು ಅದನ್ನು ಪಕ್ಕಕ್ಕಿಟ್ಟು, ಕಂಬದ ತಲೆಯಿಂದ ಒಂದು ಗೇಣು ಮುಂದಕ್ಕೆ ಚಾಚುವ ಕಬ್ಬಿಣದ ಪಟ್ಟಿಯೊಂದನ್ನು ಮಾಡಿಕೊಟ್ಟರು. ನಕ್ಷತ್ರಗಳ ಚಿತ್ರ ತೆಗೆದು ನಕ್ಷೆಯೊಡನೆ ಹೋಲಿಸಿ ಅಕ್ಷವನ್ನು ಸರಿಪಡಿಸುವ ವಿಧಾನ ಈಗ ಇರುವುದರಿಂದ, ಧ್ರುವನನ್ನು ನೋಡದೆಯೇ ಕೆಲಸ ನಡೆಯಿತು. ಬೇವಿನ ಮರ ಕ್ಷೇಮವಾಗಿದೆ.

ಶೆಡ್ಡಿನ ಛಾವಣಿ ತಗಡಿನದು. ಗೇಟಿನ ಗಾಲಿಗಳ ಮೇಲೆ, ಕಬ್ಬಿಣದ ಹಳಿಯಲ್ಲಿ ಪೂರ್ತಿಯಾಗಿ ದಕ್ಷಿಣಕ್ಕೆ ಸರಿಯುತ್ತದೆ. ಸರಿಸುವುದು ಬಂಗಲೆಗಳ ಗೇಟಿಗೆ ಹಾಕುವ ಮೋಟರು. ಒಂದು ಸಣ್ಣ ಕಂಪ್ಯೂಟರ್, ನಾಲ್ಕು ಜಿ ಡಾಂಗಲ್ ಹಾಕಿದ ರೂಟರ್, 150 ಆಂಪಿಯರ್ ಅವರ್ ಬ್ಯಾಟರಿಯ ಇನ್ವರ್ಟರ್, ಮೋಡವನ್ನು ಅದರ ಬಿಸಿಯಿಂದ ಗುರುತಿಸುವ ಅವಕೆಂಪು ಸಂವೇದಕ, ಮಳೆ ಹನಿ ಬಿದ್ದರೆ ಕೂಗುವ ಇನ್ನೊಂದು. ಇದೆಲ್ಲ ಕೂಡಿದ ಮೇಲೆ ಅಕ್ಕಪಕ್ಕದ ಹೊಲದವರು ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಜ್ಞಾನದಾಹಕ್ಕೆ ನಾನು ಸಂತೋಷಪಟ್ಟು ಶನಿಯ ಉಂಗುರಗಳಿಂದ ಪ್ರಾರಂಭಿಸುತ್ತಿದ್ದೆ. ಅವರು ಉಂಗುರಗಳು ಮುಗಿಯುವವರೆಗೆ ಕಾದು, “ಎಕರೆಕ ಎಷ್ಟ ಕೊಡತಾರ್ರಿ ಕಂಪನಿಯವರು?” ಎಂದು ಕೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ಗಾಳಿಯಂತ್ರದ ಕಂಪನಿಗಳು ಕಂಬ ನಿಲ್ಲಿಸುವ ಮೊದಲು ಹೀಗೆಯೇ ಏನೇನೋ ಅಳತೆಯ ಉಪಕರಣಗಳನ್ನು ನಿಲ್ಲಿಸಿ ಗಾಳಿ ನೋಡುತ್ತವೆ. ನಾನು ಕಂಪನಿಯ ಮನುಷ್ಯನಲ್ಲ, ಸ್ವಂತ ದುಡ್ಡು ಹಾಕಿ ಇಲ್ಲಿ ಏನನ್ನೂ ಸಂಪಾದಿಸದೆ ಇದ್ದೇನೆ ಎಂದು ನಾನು ವಿವರಿಸಿದಷ್ಟೂ ಅವರ ಅನುಮಾನ ಬಲವಾಗುತ್ತಿತ್ತು.

ಇಬ್ಬನಿಯ ವಿಷಯದಲ್ಲಿ ನನಗೂ ಕಾಕಾನಿಗೂ ಇರುವ ವೈರ ಇನ್ನೂ ತೀರಿಲ್ಲ. ಹಿಂಗಾರಿನ ಜೋಳಕ್ಕೂ ಕಡಲೆಗೂ ಚಳಿ ಬೇಕು, ಇಬ್ಬನಿ ಬೇಕು. ನನಗೆ ಚಳಿ ಬೇಕು, ಇಬ್ಬನಿ ಬೇಡ. ಅದು ಕನ್ನಡಿಯ ಮೇಲೆ ಕುಳಿತರೆ ಅಂದಿನ ರಾತ್ರಿ ಮುಗಿದಂತೆಯೇ. ಡಿಸೆಂಬರಿನಲ್ಲಿ ಕಾಕಾ ಫೋನ್ ಮಾಡಿ ಹರ್ಷದಿಂದ, “ಭಾಳ ಚಲೋ ಇಬ್ಬನಿ ಬಿದ್ದೈತಿ” ಎಂದು ತಿಳಿಸುತ್ತಾರೆ. ನಾನು ಈ ಕಡೆ ಕನ್ನಡಿಗೆ ಬಿಸಿ ಪಟ್ಟಿ ಚಾಲೂ ಮಾಡುತ್ತೇನೆ.

ರಾತ್ರಿಯ ಕೆಲಸವನ್ನೆಲ್ಲ ಸಾಲಾಗಿ ಮಾಡಿಸಲು ‘ನೀನಾ’ ಎಂಬ ಹೆಸರಿನ ಉಚಿತ ತಂತ್ರಾಂಶವಿದೆ. ಹವ್ಯಾಸಿಗಳ ಪಾಲಿಗೆ ಅದು ವರವೇ ಸರಿ. ಹೆಸರೊಂದು ಮಾತ್ರ ಕನ್ನಡದ ಮನೆಗೆ ಹೊಂದುವುದಿಲ್ಲ. ಸಂಪರ್ಕ ಕಡಿದುಹೋದ ಒಂದು ರಾತ್ರಿ ಎರಡು ಗಂಟೆಗೆ ನಾನು ಪರದೆಯ ಮುಂದೆ ಕುಳಿತು “ನೀನಾ... ನೀನಾ...” ಎಂದು ಗೊಣಗುತ್ತಿದ್ದಾಗ, ನೀರು ಕುಡಿಯಲು ಎದ್ದಿದ್ದ ನನ್ನ ಹೆಂಡತಿ ಅಡುಗೆಮನೆಯಿಂದ, “ಹೂಂ, ನಾನ. ಇಷ್ಟೊತ್ತಿನ್ಯಾಗ ಮತ್ಯಾರ ಬರತಾರ?” ಎಂದಳು. ಮೊದಲ ನಾಲ್ಕು ತಿಂಗಳಲ್ಲಿ ನಾನು ಹದಿನೇಳು ಸಲ ಊರಿಗೆ ಹೋಗಿ ಬಂದಿದ್ದೆ. ಒಮ್ಮೆ ಕುಂಬಾರ ಹುಳುವೊಂದು, ಗುರಿ ತಪ್ಪದಂತೆ ಕಾಯುವ ಪುಟ್ಟ ಗೈಡ್ ದೂರದರ್ಶಕದ ಬಾಯಿಗೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಮನೆ ಕಟ್ಟಿದ್ದು ಕಾರಣ. ಇನ್ನೊಮ್ಮೆ ಇಲಿ ತಂತಿ ಕಡಿದದ್ದು. ಉಳಿದ ಹದಿನೈದು ಸಲದ ಕಾರಣಗಳು ನನ್ನವೇ. ದೂರದಿಂದ ನಡೆಸುವುದೆಂದರೆ ಬೈಕ್ ನಡೆಸುವುದೆಂದು ಮೊದಲೇ ತಿಳಿಸಬೇಕಿತ್ತು ಎನ್ನುವುದು ಮನೆಯವಳ ಏಕೈಕ ಆಕ್ಷೇಪ.

ಆ ಹದಿನೈದರಲ್ಲಿ ಸೇರದೆ ಫೋನಿನಲ್ಲೇ ಮುಗಿದ ಪ್ರಕರಣವೊಂದು ಜನವರಿಯ ಅಮಾವಾಸ್ಯೆಯ ರಾತ್ರಿ ನಡೆಯಿತು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ ಆಕಾಶದ ನಡುಗೆರೆಯನ್ನು ದಾಟುವ ಹೊತ್ತಿಗೆ, ಯಂತ್ರವು ನಿಯಮದಂತೆ ಮಗ್ಗುಲು ಬದಲಿಸಿ ತಿರುಗಿ ನಿಂತಿತು. ಅದರ ಬಳಿಕ ಕ್ಯಾಮೆರಾ ಉತ್ತರಿಸಲಿಲ್ಲ. ಇಂಥ ಸಂದರ್ಭಕ್ಕೆಂದೇ ನಾನು ಮೊಬೈಲಿನಿಂದ ಆರಿಸಿ ಹಚ್ಚಬಹುದಾದ ಮೂರು ಪ್ಲಗ್ಗುಗಳನ್ನು ಹಾಕಿಸಿ, ಅವುಗಳಿಗೆ ಒಂದು, ಎರಡು, ಮೂರು ಎಂದು ಗಣಿತಜ್ಞನಿಗೆ ಒಪ್ಪುವ ಹೆಸರಿಟ್ಟಿದ್ದೆ. ಕ್ಯಾಮೆರಾದ್ದೆಂದು ತಿಳಿದು ಎರಡನ್ನು ಆರಿಸಿದೆ. ಎರಡು ರೂಟರಿನದಾಗಿತ್ತು. ಕುಳಿತ ಕೊಂಬೆಯನ್ನೇ ಕಡಿದವನ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನಿಗೆ ಬೀಳುವುದಕ್ಕಾದರೂ ಹತ್ತಿರದಲ್ಲಿ ನೆಲವಿತ್ತು. ನನ್ನ ನೆಲ ನೂರು ಕಿಲೋಮೀಟರಿಗೂ ಆಚೆ, ತಗಡು ತೆರೆದುಕೊಂಡು, ಕೇಳುವವರಿಲ್ಲದೆ ಇತ್ತು. ರೂಟರನ್ನು ಮತ್ತೆ ಹಚ್ಚಲು ರೂಟರ್ ಬೇಕು. ಹಾಗೆಯೇ ಬಿಟ್ಟರೆ ಬೆಳಗಾಗುತ್ತದೆ, 200 ಮಿ.ಮೀ. ಕನ್ನಡಿಯ ನೇರಕ್ಕೆ ಬಿಸಿಲು ಬಂದರೆ ಸುಮಾರು 30 ವ್ಯಾಟ್ ಶಾಖ 9 ಮಿ.ಮೀ. ಅಗಲದ ಚುಕ್ಕೆಯಲ್ಲಿ ಕೂಡಿ, ಸಿಕ್ಕ ಪ್ಲಾಸ್ಟಿಕ್ಕನ್ನು ಸುಡುತ್ತದೆ. ಈ ಲೆಕ್ಕವನ್ನು ಆಗ ಮಾಡಬಾರದಿತ್ತು.

ಕಾಕಾ ಪಕ್ಕದೂರಿಗೆ ಬಯಲಾಟ ನೋಡಲು ಹೋಗಿದ್ದರು. ಮೊಮ್ಮಗನ ಫೋನಿಗೆ ಹನ್ನೊಂದನೆಯ ಕರೆಯಲ್ಲಿ ಸಿಕ್ಕು, ಯುದ್ಧದ ಸನ್ನಿವೇಶವನ್ನು ನಡುವಿನಲ್ಲೇ ಬಿಟ್ಟು ಬಂದರೆಂಬುದನ್ನು ಮೊದಲು ನನಗೆ ತಿಳಿಸಿ, ಅನಂತರ ಶೆಡ್ಡಿನ ಬಾಗಿಲು ತೆರೆದರು.

“ಕಾಕಾ, ಗ್ವಾಡಿ ಮ್ಯಾಲ ಮೂರು ಪ್ಲಗ್ ಅದಾವ. ಎಡಗಡೆಯಿಂದ ಎರಡನೇದ್ದು ಒತ್ರಿ.”

“ಮೂರರಾಗ ಎಡಗಡೆಯಿಂದ ಎರಡನೇದು ಅಂದರೂ ಬಲಗಡೆಯಿಂದ ಎರಡನೇದು ಅಂದರೂ ಒಂದ ಅಲ್ಲೇನ ತಮ್ಮಾ? ನಡಕಿಂದು ಅನ್ನು.”

ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನಾನು ನಡುವಿನದು ಎಂದೆ. ಆದರೆ ಗೋಡೆಯ ಮೇಲೆ ಇನ್ವರ್ಟರಿನದು ಸೇರಿ ನಾಲ್ಕು ಇದ್ದವಂತೆ. ನಾಲ್ಕಕ್ಕೆ ನಡುವಿನದು ಇಲ್ಲ. ಕಾಕಾ ಟಾರ್ಚಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು, “ಈಗ ಎಲ್ಲಾ ಶಾಂತ ಆತು” ಎಂದರು. ಇನ್ನು ಉಳಿದದ್ದು ಕೈಯಿಂದ ಮುಚ್ಚುವುದು. ದೂರದರ್ಶಕ ತಲೆಯೆತ್ತಿ ನಿಂತಿದ್ದರೆ ತಗಡು ಅದರ ಕತ್ತಿಗೇ ಬಡಿಯುವುದರಿಂದ, ಮೊದಲು ಅದನ್ನು ಅಡ್ಡ ಮಲಗಿಸಬೇಕು. ಸಡಿಲಿಸುವ ಹಿಡಿಗಳನ್ನು ನಾನು ವಿವರಿಸುತ್ತಿದ್ದಂತೆಯೇ ಆ ಕಡೆಯಿಂದ ಸಣ್ಣದೊಂದು ಸದ್ದು, ಆಮೇಲೆ ಎತ್ತಿಗೆ ಹೇಳುವಂತೆ, “ಹೋ... ಹೋ... ನಿಂದ್ರು” ಎಂಬ ಧ್ವನಿ ಕೇಳಿತು. ನಿಂತಿತು. ಚಳಿಗೆ ಇರಲೆಂದು ತಮ್ಮ ಕಂಬಳಿಯನ್ನೂ ಅದಕ್ಕೆ ಹೊದಿಸಿ, ತಗಡು ನೂಕಿ, ಅವರು ಬಯಲಾಟಕ್ಕೆ ಮರಳಿದರು. ಕನ್ನಡಿಯ ಮೇಲಿನ ಕುರಿಯ ಉಣ್ಣೆಯನ್ನು ತೆಗೆಯಲು ನನಗೆ ಒಂದು ಭಾನುವಾರ ಹಿಡಿಯಿತು. ಈಗ ರೂಟರಿನ ಪ್ಲಗ್ಗಿಗೆ ಕಾಕಾ ಕಟ್ಟಿದ ಕೆಂಪು ದಾರವಿದೆ, ಮತ್ತು ಅದನ್ನು ಮೊಬೈಲಿನಿಂದ ಆರಿಸಲು ಬಾರದಂತೆ ಮಾಡಿದ್ದೇನೆ.

ಕಾಕಾನಿಗೆ ನಕ್ಷತ್ರಗಳು ಗೊತ್ತಿಲ್ಲವೆಂದು ಯಾರೂ ತಿಳಿಯಬಾರದು. ಇಪ್ಪತ್ತೇಳನ್ನೂ ಕ್ರಮವಾಗಿ ಹೇಳಬಲ್ಲರು. ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ಕೈಕೊಟ್ಟರೆ ಏನಾಗುತ್ತದೆ ಎಂಬುದೂ ಬಾಯಿಪಾಠ. ಆದರೆ ಜೂನ್ ತಿಂಗಳಿನ ಆರಿದ್ರಾ ಮಳೆಯೆಂದರೆ ಸೂರ್ಯನು ಆರ್ದ್ರಾ ನಕ್ಷತ್ರದ ಬಳಿ ಇರುವ ಕಾಲ. ಆಗ ಆ ನಕ್ಷತ್ರ ಹಗಲಿನಲ್ಲಿ ಸೂರ್ಯನೊಡನೆ ಹುಟ್ಟಿ ಮುಳುಗುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ರಾತ್ರಿಯ ಆಕಾಶದಲ್ಲಿ ಅದು ಚೆನ್ನಾಗಿ ಕಾಣುವುದು ಆರು ತಿಂಗಳ ನಂತರ, ಒಂದು ಹನಿಯೂ ಬೀಳದ ಚಳಿಗಾಲದಲ್ಲಿ. ಮಹಾವ್ಯಾಧನ ಹೆಗಲಿನ ಆ ಕೆಂಪು ಚುಕ್ಕೆಯನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ಮಳಿಗಾಲದಾಗ ಬಾ ಅಂದರ ಬರೂದಿಲ್ಲ, ಈಗ ಬಂದು ಕುಂತೈತಿ” ಎಂದು, ಸಾಲ ವಾಪಸು ಕೊಡದವನನ್ನು ಜಾತ್ರೆಯಲ್ಲಿ ಕಂಡವರಂತೆ ಹೇಳಿದರು.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಅವರೇ ಫೋನ್ ಮಾಡಿದರು. ಮೊಮ್ಮಗಳು ರಜೆಗೆ ಬಂದಿದ್ದಾಳೆ, ಆರಿದ್ರಾ ತೋರಿಸಬೇಕು, ತಗಡು ಸರಿಸು ಎಂದರು. ಬಳ್ಳಾರಿಯಲ್ಲಿ ಕುಳಿತು ನಾನು ಗುಂಡಿ ಒತ್ತಿದೆ. ಛಾವಣಿ ಸರಿಯಿತು, ದೂರದರ್ಶಕ ತಿರುಗಿತು, ನಕ್ಷತ್ರ ಪರದೆಯ ನಟ್ಟನಡುವೆ ಬಂದು ನಿಂತಿತು. ಇಷ್ಟೂ ಒಂದೇ ಸಲಕ್ಕೆ ಸರಿಯಾಗಿ ನಡೆದದ್ದು ಅದೇ ಮೊದಲು. ಆಮೇಲೆ ಕಾಕಾನ ಧ್ವನಿ ಬಂತು.

“ಕಣ್ಣ ಎಲ್ಲಿ ಇಡಬೇಕು ತಮ್ಮಾ?”

ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಇದೆ. ದೂರದಿಂದ ನಡೆಸುವ ದೂರದರ್ಶಕಕ್ಕೆ ಕಣ್ಣಿನ ಮಸೂರ ಇರುವುದಿಲ್ಲ, ಅದರಲ್ಲಿ ಬಗ್ಗಿ ನೋಡಲು ಬರುವುದಿಲ್ಲ, ನೋಡುವವನು ಇಲ್ಲಿದ್ದೇನೆ ಎಂದೆಲ್ಲ ನಾನು ವಿವರಿಸಿ, ಚಿತ್ರವನ್ನು ತೆಗೆದು ವಾಟ್ಸಾಪಿನಲ್ಲಿ ಕಳುಹಿಸುತ್ತೇನೆ, ಅಲ್ಲೇ ನಿಂತಿರಿ ಎಂದೆ. ಹೊಲದಿಂದ ಬಳ್ಳಾರಿಗೆ ಆ ಚಿತ್ರ ಕ್ಷಣದಲ್ಲಿ ಬಂತು. ಬಳ್ಳಾರಿಯಿಂದ ಹೊಲಕ್ಕೆ ಹೋಗುವುದು ಮಾತ್ರ ತಡವಾಯಿತು. ಅಲ್ಲಿನ ಬಡಕಲು ಟವರಿನ ಸಿಗ್ನಲ್ಲನ್ನೆಲ್ಲ ನನ್ನ ರೂಟರೇ ಹೀರುತ್ತಿತ್ತು. ದೂರದರ್ಶಕದ ಮಗ್ಗುಲಲ್ಲಿ, ಆರಿದ್ರಾ ನಕ್ಷತ್ರದ ನೇರ ಕೆಳಗೆ, ಅಜ್ಜ ಮೊಮ್ಮಗಳು ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ನಿಂತರು.

“ಕಾಣಾಕತ್ತೈತೇನ್ರಿ ಕಾಕಾ?”

“ಹೂಂ, ಬಂತು. ಗುಂಡಗ ಐತಿ, ಗರಗರ ತಿರಗಾಕತ್ತೈತಿ” ಎಂದು ಅವರು ಮೊಮ್ಮಗಳಿಗೂ ತೋರಿಸಿದರು.