ಮೊಳೆಗಳ ಕಾಡಿನಲ್ಲಿ ಒಂದು ಗುಂಡು

ಹಳೆಯ ಜಪಾನೀ ಚಿತ್ರಗಳನ್ನು ನೋಡುವಾಗ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಪರದೆಯ ಮೇಲೆ ಪಚಿಂಕೊ ಅಂಗಡಿ, ಅಂದರೆ ಯಂತ್ರದಲ್ಲಿ ಗುಂಡು ಚಿಮ್ಮಿಸಿ ಬಹುಮಾನ ಗೆಲ್ಲುವ ಆಟದಂಗಡಿ, ಕಾಣಿಸಿದೊಡನೆ ಕಥೆಯ ಕೈಬಿಟ್ಟು, ನಾಯಕನ ಸಂಸಾರದ ತಾಪತ್ರಯ ಎಲ್ಲಿಗೆ ಬಂದು ನಿಂತಿತ್ತೆಂಬುದನ್ನೂ ಮರೆತು, ಗಾಜಿನ ಹಿಂದೆ ಉರುಳುವ ಉಕ್ಕಿನ ಗುಂಡುಗಳನ್ನೇ ಹುಡುಕತೊಡಗುತ್ತೇನೆ. ಯಸುಜಿರೊ ಓಜು ಅವರ 1952ರ ಚಿತ್ರ ‘ಒಚಾಜುಕೆ ನೊ ಅಜಿ’ಯನ್ನು, ಅಂದರೆ ಅನ್ನಕ್ಕೆ ಹಸಿರು ಚಹಾ ಸುರಿದುಕೊಂಡು ಉಣ್ಣುವ ರುಚಿಯನ್ನೇ ಹೆಸರಾಗಿಸಿಕೊಂಡ ಆ ಚಿತ್ರವನ್ನು, ನಾನು ಎರಡನೆಯ ಸಲ ನೋಡಿದ್ದು ಇದೊಂದೇ ಕಾರಣಕ್ಕೆ.

ಆ ಕಾಲದ ಯಂತ್ರದಲ್ಲಿ ವಿದ್ಯುತ್ತಿನ ಥಳುಕು ಇರಲಿಲ್ಲ. ನೆಟ್ಟಗೆ ನಿಲ್ಲಿಸಿದ ಒಂದು ಹಲಗೆ, ಅದರ ತುಂಬ ಹಿತ್ತಾಳೆಯ ಮೊಳೆಗಳು, ಅಲ್ಲಲ್ಲಿ ಒಂದು ಗುಂಡು ನುಂಗಿ ಬದಲಿಗೆ ಒಂದಷ್ಟು ಗುಂಡು ಉದುರಿಸುವ ತೂತುಗಳು, ಮುಂದೆ ಒಂದು ಗಾಜು, ಅಷ್ಟೇ. ಆಟಗಾರ ನಿಂತುಕೊಂಡೇ ಎಡಗೈಯಿಂದ ಗುಂಡನ್ನು ಒಂದೊಂದಾಗಿ ಒಳಗೆ ತಳ್ಳಿ, ಬಲಗೈ ಹೆಬ್ಬೆರಳಿನಿಂದ ಹಿಡಿಕೆಯನ್ನೊತ್ತಿ ಬಿಡಬೇಕು. ಗೋಲಿಯಾಡಿದ ಬೆರಳಿಗೆ ಆ ಚಿಮ್ಮುವಿಕೆಯನ್ನು ವಿವರಿಸಬೇಕಾಗಿಲ್ಲ. 11 ಮಿಲಿಮೀಟರ್ ಅಗಲದ, ಐದೂವರೆ ಗ್ರಾಂ ತೂಕದ ಆ ಗುಂಡು ಅಂಚನ್ನು ಹಿಡಿದು ನೆತ್ತಿಗೇರಿ, ಅಲ್ಲೊಂದು ಕ್ಷಣ ಯೋಚಿಸುವಂತೆ ತಡೆದು, ಮೊಳೆಯಿಂದ ಮೊಳೆಗೆ ತಲೆ ಬಡಿದುಕೊಳ್ಳುತ್ತ ಕೆಳಗಿಳಿಯುತ್ತದೆ. ಆ ಪಟಪಟ ಸದ್ದೇ ಆಟಕ್ಕೆ ಹೆಸರನ್ನೂ ಕೊಟ್ಟಿತು. ನಮ್ಮ ಹುಡುಗರ ಕ್ಯಾಟರ್‌ಬಿಲ್ಲಿಗೂ ಜಪಾನೀ ಭಾಷೆಯಲ್ಲಿ ಪಚಿಂಕೊ ಎಂದೇ ಹೆಸರಿದೆಯೆಂದು ತಿಳಿದಾಗ ನನಗೇಕೋ ಬಹಳ ಸಮಾಧಾನವಾಯಿತು.

ಮೂಲದಲ್ಲಿ ಇದು ಯುರೋಪಿನ ಬಾಗಟೆಲ್ ಎಂಬ ಮೇಜಿನಾಟದ ಸಂತಾನ. ಮಲಗಿದ್ದ ಹಲಗೆಯನ್ನು ಜಪಾನಿನಲ್ಲಿ ಎಬ್ಬಿಸಿ ನಿಲ್ಲಿಸಿದ ಮೇಲೆ ಅಂಗಡಿಗೆ ಜಾಗ ಉಳಿಯಿತು, ಮಕ್ಕಳಿಗೆ ಮಿಠಾಯಿ ಗೆಲ್ಲುವ ಆಟ ಸಿಕ್ಕಿತು. ಯುದ್ಧಕಾಲದಲ್ಲಿ ನಿಂತುಹೋಗಿದ್ದದ್ದು ಯುದ್ಧ ಮುಗಿದ ಮೇಲೆ ದೊಡ್ಡವರ ಆಟವಾಗಿ ತಿರುಗಿ ಬಂದಿತು. ಸಿಗರೇಟು ಸುಲಭವಾಗಿ ಸಿಗದ ಆ ದಿನಗಳಲ್ಲಿ ಗೆದ್ದ ಗುಂಡುಗಳಿಗೆ ಸಿಗರೇಟು ಸಿಗುತ್ತಿತ್ತು. ಒಂದೇ ಸಮನಾಗಿ ಹೊಡೆದಿದ್ದ ಮೊಳೆಗಳನ್ನು ಗುಂಪುಗುಂಪಾಗಿ ಚದುರಿಸಿ, ನಡುವೆ ಗಿರಗಿಟ್ಟಲೆಗಳನ್ನು ಕೂರಿಸಿ, ಗುಂಡಿನ ದಾರಿಗೆ ಡೊಂಕನ್ನು ಕಲಿಸಿದವರು ನಾಗೊಯಾದ ತಾಕೆಇಚಿ ಮಸಮುರ.

ಓಜು ಅವರ ಚಿತ್ರದಲ್ಲಿ ಪಚಿಂಕೊದ ಬಗ್ಗೆ ಒಂದು ಸೊಗಸಾದ ಮಾತು ಬರುತ್ತದೆ. ಇಷ್ಟು ಜನರ ನಡುವೆ ನಿಂತೂ ಮನುಷ್ಯ ಒಂಟಿಯಾಗಬಲ್ಲ, ಅಲ್ಲಿರುವುದು ತಾನು ಮತ್ತು ಗುಂಡು ಮಾತ್ರ, ಕೊನೆಗೆ ಗುಂಡೇ ತಾನು, ತಾನೇ ಗುಂಡು ಎಂಬರ್ಥದ್ದು. ಅದ್ವೈತ ಇಷ್ಟು ಅಗ್ಗವಾಗಿ ಬೇರೆಲ್ಲೂ ದೊರೆತಿರಲಾರದು. ಆದರೆ ಅಂಗಡಿಯ ಯಜಮಾನನಿಗೆ ಈ ವೇದಾಂತ ಹಿಡಿಸುವುದಿಲ್ಲ. ಚಿಶು ರ್ಯೂ ಅಭಿನಯಿಸಿದ ಆ ಮಾಜಿ ಸೈನಿಕ, ಸೇನೆಯಲ್ಲಿ ತನ್ನ ಮೇಲಧಿಕಾರಿಯಾಗಿದ್ದ ನಾಯಕನೆದುರು, ಇಂಥದ್ದೆಲ್ಲ ಜನಪ್ರಿಯವಾಗಿರುವವರೆಗೆ ಲೋಕ ಸುಧಾರಿಸದು ಎಂದು ತನ್ನ ವ್ಯಾಪಾರವನ್ನು ತಾನೇ ಹಳಿದುಕೊಳ್ಳುತ್ತಾನೆ. ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಇಷ್ಟು ಪ್ರಾಮಾಣಿಕವಾಗಿ ಮಾತನಾಡುವ ವ್ಯಾಪಾರಿಯನ್ನು ನಾನಂತೂ ಸಿನಿಮಾದಲ್ಲಲ್ಲದೆ ಕಂಡಿಲ್ಲ.

ನನ್ನ ತಕರಾರು ಬೇರೆ. ತಾನು ಮತ್ತು ಗುಂಡು, ಇಬ್ಬರೇ ಎಂದು ಆಟಗಾರ ಭಾವಿಸುತ್ತಾನಲ್ಲ, ಅಲ್ಲಿ ಮೂರನೆಯವನೊಬ್ಬ ಮೊದಲೇ ಬಂದು ಹೋಗಿರುತ್ತಾನೆ. ಅವನಿಗೆ ಕುಗಿಶಿ, ಅಂದರೆ ಮೊಳೆಯ ಮೇಸ್ತ್ರಿ, ಎಂದು ಹೆಸರು. ಬಹುಮಾನದ ತೂತಿನ ನೆತ್ತಿಯ ಮೇಲೆ ಕಾವಲುಗಾರರಂತೆ ನಿಂತ ಎರಡು ಮೊಳೆಗಳನ್ನು ಆ ಕಸುಬಿನವರು ಇನೊಚಿಕುಗಿ, ಎಂದರೆ ಪ್ರಾಣದ ಮೊಳೆ, ಎಂದು ಕರೆಯುತ್ತಾರೆ. ಅವುಗಳ ನಡುವಣ ಸಂದನ್ನು ಕೂದಲೆಳೆಯಷ್ಟು ಹಿಗ್ಗಿಸಿದರೆ ಗಿರಾಕಿಯ ತಟ್ಟೆ ತುಂಬುತ್ತದೆ, ಕುಗ್ಗಿಸಿದರೆ ಯಜಮಾನನ ಡಬ್ಬಿ. ಬೆಳಿಗ್ಗೆ ಬಂದವನು ನಿನ್ನೆ ಒಲಿದ ಯಂತ್ರದ ಮುಂದೆಯೇ ನಂಬಿಕೆಯಿಂದ ನಿಂತು, ಇಂದು ಅದು ಮುನಿಸಿಕೊಂಡದ್ದೇಕೆಂದು ತನ್ನ ಹೆಬ್ಬೆರಳನ್ನೇ ಅನುಮಾನಿಸುತ್ತಾನೆ.

ಈ ಮೇಸ್ತ್ರಿಯನ್ನು ನಾನು ನೋಡಿದ್ದು ಓಜು ಅವರನ್ನು ಅರಸಿಕೊಂಡು ಜಪಾನಿಗೆ ಹೋದ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಅವರ 1985ರ ‘ಟೋಕಿಯೊ-ಗಾ’ದಲ್ಲಿ. ಅಂಗಡಿ ಮುಚ್ಚಿದೆ, ಹಗಲಿನ ಗದ್ದಲವೆಲ್ಲ ಅಡಗಿದೆ. ಸಾಲು ಯಂತ್ರಗಳ ನಡುವೆ ಅವನು ಪುಟ್ಟ ಸುತ್ತಿಗೆ ಹಿಡಿದು, ಒಂದೊಂದು ಮೊಳೆಯನ್ನೂ ದಿಟ್ಟಿಸಿ, ಮೆಲ್ಲಗೆ ತಟ್ಟುತ್ತಾನೆ. ಅವನ ಮುಂದೆ ಗುಂಡೂ ಇಲ್ಲ.