ಈಥರ್ ಮಹಾಶಯರ ಸೇವಾವಧಿ ವಿಸ್ತರಣೆ

ಬೆಳಕು ಅಲೆಯೆಂದು ತೀರ್ಮಾನವಾದ ಮೇಲೆ, ಆ ಅಲೆ ಏಳುವುದಕ್ಕೆ ಏನಾದರೊಂದು ಇರಲೇಬೇಕೆಂದು ಹಟ ಹಿಡಿದ ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿದ್ವಾಂಸರು ಎಲ್ಲೆಡೆ ತುಂಬಿದೆಯೆಂದು ಊಹಿಸಿದ ಕಾಣದ ಮಾಧ್ಯಮವಾದ ಈಥರ್ ಎಂಬ ಮಹಾಶಯರನ್ನು ವಿಶ್ವವ್ಯಾಪಿ ಹುದ್ದೆಯೊಂದಕ್ಕೆ ನೇಮಿಸಿದರು. ಅರ್ಹತೆಗಳನ್ನು ನೋಡಿದರೆ ಬೇರೆ ಯಾರೂ ಅರ್ಜಿ ಹಾಕದಿದ್ದುದರಲ್ಲಿ ಆಶ್ಚರ್ಯವಿಲ್ಲ. ಬೆಳಕಿನದು ಅಡ್ಡ ಅಲೆಯೆಂದು (ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ಅಲೆಯೆಂದು) ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ಪ್ರತಿಪಾದಿಸಿದ್ದರಿಂದಲೂ, ಅಂಥ ಅಲೆಯನ್ನು ಹೊರಲು ಘನವಸ್ತುವಿನ ಬಿಗಿತ ಬೇಕಾದ್ದರಿಂದಲೂ, ಅಭ್ಯರ್ಥಿಯು ಉಕ್ಕಿನಂತೆ ಸೆಟೆದಿರಬೇಕು. ಆದರೆ ಅದರ ನಡುವೆಯೇ ಯುಗಯುಗಗಳಿಂದ ಸುತ್ತುತ್ತಿರುವ ಗ್ರಹಗಳಿಗೆ ಕೂದಲೆಳೆಯಷ್ಟೂ ಅಡ್ಡಿಯಾಗಬಾರದು. 1845ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಸ್ಟೋಕ್ಸ್ ಇದಕ್ಕೊಂದು ಪರಿಹಾರ ಸೂಚಿಸಿದರು. ಕ್ಷಿಪ್ರವಾಗಿ ಕಂಪಿಸುವ ಬೆಳಕು ಬಂದರೆ ಈಥರ್ ಘನ, ನಿಧಾನವಾಗಿ ಸಾಗುವ ಭೂಮಿ ಬಂದರೆ ದ್ರವ. ಮುಖ ನೋಡಿ ಮಣೆ ಹಾಕುವ ಗುಣವನ್ನು ಭೌತಶಾಸ್ತ್ರವು ಇಷ್ಟು ಗೌರವದಿಂದ ಕಂಡದ್ದು ಅಪರೂಪ.

1887ರ ಜುಲೈನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ಎಂಬ ವಿಜ್ಞಾನಿಗಳು ಈಥರ್ ಮಹಾಶಯರ ಹಾಜರಾತಿ ತೆಗೆದುಕೊಂಡರು. ಪಾದರಸದ ಮೇಲೆ ತೇಲಿಬಿಟ್ಟ ಭಾರೀ ಮರಳುಗಲ್ಲಿನ ಹಾಸು ಸುಮಾರು ಆರು ನಿಮಿಷಕ್ಕೊಂದು ಸುತ್ತು ತಿರುಗುತ್ತಿದ್ದರೆ, ದೂರದರ್ಶಕಕ್ಕೆ ಕಣ್ಣಿಟ್ಟವರು ಕಲ್ಲಿಗೆ ಮೈ ತಾಗಿಸದೆ ಅದರ ಜೊತೆಗೇ ಸುತ್ತು ಹಾಕಬೇಕಿತ್ತು. ಭೂಮಿಯು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಈಥರನ್ನು ಸೀಳಿಕೊಂಡು ಹೋಗುತ್ತಿರುವುದು ನಿಜವಾದರೆ, ಒಂದೇ ಬೆಳಕನ್ನು ಒಂದಕ್ಕೊಂದು ಅಡ್ಡವಾದ ಎರಡು ದಾರಿಗಳಲ್ಲಿ ಕಳಿಸಿ ಮತ್ತೆ ಕೂಡಿಸಿದಾಗ ಕಾಣುವ ಬೆಳಕಿನ ಪಟ್ಟೆಗಳು, ಕಲ್ಲು ತಿರುಗಿದಂತೆ, ಒಂದು ಪಟ್ಟೆಯ ಅಗಲದ 0.4ರಷ್ಟು ಸರಿಯಬೇಕು. ಕಂಡ ಸರಿದಾಟ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯುವುದಾಗಿ ಇಬ್ಬರೂ ಬರೆದರು, ಅಳೆಯಲಿಲ್ಲ.

ಗೈರುಹಾಜರಾದ ನೌಕರನನ್ನು ವಜಾ ಮಾಡುವುದು ಲೋಕರೂಢಿ. ಇಲ್ಲಿ ಹಾಜರಿ ಪುಸ್ತಕದ ಮೇಲೆಯೇ ವಿಚಾರಣೆ ನಡೆಯಿತು. ಈಥರಿನಲ್ಲಿ ಚಲಿಸುವ ವಸ್ತುಗಳು ಚಲನೆಯ ದಿಕ್ಕಿನಲ್ಲಿ ಕುಗ್ಗುತ್ತವೆ, ಅದೂ ಈಥರಿನ ಸುಳಿವು ಸಿಗದಿರಲು ಎಷ್ಟು ಬೇಕೋ ಸರಿಯಾಗಿ ಅಷ್ಟೇ, ಎಂದು 1889ರಲ್ಲಿ ಐರ್ಲೆಂಡಿನ ಭೌತವಿಜ್ಞಾನಿ ಫಿಟ್ಜ್‌ಜೆರಾಲ್ಡ್, 1892ರಲ್ಲಿ ನೆದರ್‌ಲ್ಯಾಂಡ್ಸಿನ ಲೊರೆಂಟ್ಸ್ ಸೂಚಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹನೀಯರು ನೆಲವೇ ಕುಗ್ಗಿತೆಂದರು. (ಸಮೀಕರಣ ಮಾತ್ರ ಸರಿಯಾಗಿಯೇ ಇತ್ತು, ಮುಂದೆ ಅದು ಈಥರಿಲ್ಲದ ಮನೆಯಲ್ಲಿ, ಅಂದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿ, ಸುಖವಾಗಿ ಬಾಳಿತು.)

ಇಷ್ಟಾದ ಮೇಲೂ ಬಡ್ತಿಗಳು ನಿಲ್ಲಲಿಲ್ಲ. ಧಾತುಗಳ ಕೋಷ್ಟಕ ರಚಿಸಿದ ರಷ್ಯದ ಮೆಂಡಲೀವ್ ಅಂಥವರೇ 1902ರ ಹೊತ್ತಿಗೆ ಈಥರನ್ನು ಹೈಡ್ರೋಜನ್ನಿಗಿಂತಲೂ ಹಗುರವಾದ ಧಾತುವೆಂದು ಬಗೆದು ಆವರ್ತಕ ಕೋಷ್ಟಕದಲ್ಲಿ ಆಸನ ಕೊಟ್ಟರು. 1905ರಲ್ಲಿ ಐನ್‌ಸ್ಟೈನ್ ಇಂಥ ಹುದ್ದೆಯೇ ಅನಗತ್ಯವೆಂದು ಒಂದು ವಾಕ್ಯದಲ್ಲಿ ಬರೆದು ಮುಗಿಸಿದರು. ಅದಾದ ನಾಲ್ಕು ವರ್ಷಕ್ಕೆ, ಇಂಗ್ಲೆಂಡಿನ ಆಲಿವರ್ ಲಾಜ್ ಈಥರಿನ ಪ್ರತಿ ಘನ ಮಿಲಿಮೀಟರ್ ಸಾವಿರ ಟನ್ ತೂಗುತ್ತದೆಂದು ಲೆಕ್ಕ ಕೊಟ್ಟರು. ರಷ್ಯದಲ್ಲಿ ಎಲ್ಲಕ್ಕಿಂತ ಹಗುರ, ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಭಾರ! ಕಣ್ಣಿಗೆ ಬೀಳದವರಿಗೆ ಮಾತ್ರ ಇಂಥ ದೇಹದಾರ್ಢ್ಯ ಸಾಧ್ಯ.

ಕೊನೆಗೆ ಡೇಟನ್ ಮಿಲ್ಲರ್ ಎಂಬ ಅಮೆರಿಕದ ಭೌತವಿಜ್ಞಾನಿ ಮೌಂಟ್ ವಿಲ್ಸನ್ ಬೆಟ್ಟ ಹತ್ತಿ, ಅದೇ ಬಗೆಯ ಉಪಕರಣದಲ್ಲಿ ಸಾವಿರಾರು ಸುತ್ತು ಅಳತೆ ಮಾಡಿ, ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದ ಈಥರ್ ಗಾಳಿ ಬೀಸುತ್ತಿದೆಯೆಂದು ಘೋಷಿಸಿದರು. 1925ರಲ್ಲಿ ಅವರಿಗೆ ಸಾವಿರ ಡಾಲರ್ ಬಹುಮಾನವೂ ಬಂತು. 1955ರಲ್ಲಿ ಶಾಂಕ್‌ಲ್ಯಾಂಡ್ ಮತ್ತು ಸಂಗಡಿಗರು ಅದೇ ದಾಖಲೆಗಳನ್ನು ಬಿಡಿಸಿ ನೋಡಿ, ಬೀಸಿದ್ದು ಪ್ರಯೋಗದ ಕೋಣೆಯ ಉಷ್ಣಾಂಶದ ಏರುಪೇರು ಎಂದು ಬರೆದರು. 1925ರ ಬಹುಮಾನವನ್ನು ಪುರಾವೆಯಾಗಿ ಹಿಡಿದು ಬರುವವರು ಇಂದಿಗೂ ಇದ್ದಾರೆ. 1955ರ ಲೇಖನವನ್ನು ಅವರ ಮುಂದಿಟ್ಟರೆ, ಅದು ಸತ್ಯವನ್ನು ಮುಚ್ಚಿಹಾಕುವ ಸಂಚು ಎನ್ನುತ್ತಾರೆ.